ಬಿಡಿ ಸರಿಯಿದ್ದರೆ ಇಡಿ ಸರಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ತುಮಕೂರಿನ ಹುಡುಗಿಯೊಬ್ಬಳು ಅಣ್ಣನ ಮೊಬೈಲಿನಲ್ಲಿ ತನ್ನ ನೋಂದಣಿ ಸಂಖ್ಯೆಯನ್ನೂ ಹುಟ್ಟಿದ ದಿನಾಂಕವನ್ನೂ ಒತ್ತುತ್ತಾಳೆ. ಅದೇ ಹೊತ್ತಿಗೆ ಗುಬ್ಬಿಯ ಹುಡುಗನೊಬ್ಬ ಸೈಬರ್ ಅಂಗಡಿಯ ಕಂಪ್ಯೂಟರಿನ ಮುಂದೆ ಉಗುರು ಕಚ್ಚುತ್ತ ಕುಳಿತಿರುತ್ತಾನೆ. ಕುಣಿಗಲ್ಲಿನ ಮತ್ತೊಬ್ಬಳು ಪಕ್ಕದ ಮನೆಯವರ ಫೋನು ಬೇಡಿ ತಂದಿರುತ್ತಾಳೆ. ಮೂವರ ಮುಂದೆಯೂ ತೆರೆದುಕೊಳ್ಳುವ ಪುಟ ಒಂದೇ ಬಗೆಯದು. ಮೇಲೆ ಮಂಡಳಿಯ ಹೆಸರು, ಅದರ ಕೆಳಗೆ ವಿದ್ಯಾರ್ಥಿಯ ಹೆಸರು, ಆಮೇಲೆ ಒಂದರ ಕೆಳಗೊಂದು ವಿಷಯಗಳು, ಪ್ರತಿ ಸಾಲಿನ ತುದಿಗೆ ಅಂಕ, ಕೊನೆಯಲ್ಲಿ ಒಟ್ಟು. ಬದಲಾಗಿರುವುದು ಹೆಸರು ಮತ್ತು ಅಂಕ ಮಾತ್ರ.

ರಾಜ್ಯದಲ್ಲಿ ಪ್ರತಿ ವರ್ಷ ಲಕ್ಷಗಟ್ಟಲೆ ಮಕ್ಕಳು ಈ ಪರೀಕ್ಷೆ ಬರೆಯುತ್ತಾರೆ. ಅಷ್ಟು ಮಂದಿಗೂ ಒಂದೊಂದು ಪುಟವನ್ನು ಯಾರಾದರೂ ಕುಳಿತು ಸಿದ್ಧಪಡಿಸಿರುತ್ತಾರೆಯೇ? ಖಂಡಿತ ಇಲ್ಲ. ಯಾರೋ ಒಮ್ಮೆ ‘ವಿಷಯದ ಸಾಲು’ ಎಂಬ ಒಂದೇ ಒಂದು ಚೂರನ್ನು ಮಾಡಿಟ್ಟಿರುತ್ತಾರೆ. ಅದರಲ್ಲಿ ಎರಡು ಖಾಲಿ ಜಾಗ: ಒಂದು ವಿಷಯದ ಹೆಸರಿಗೆ, ಇನ್ನೊಂದು ಅಂಕಕ್ಕೆ. ಪುಟ ತೆರೆದಾಗ ಕಂಪ್ಯೂಟರು ಅದೇ ಚೂರನ್ನು ಮತ್ತೆ ಮತ್ತೆ ಇಟ್ಟು, ಖಾಲಿ ಜಾಗಗಳನ್ನು ತುಂಬುತ್ತ ಹೋಗುತ್ತದೆ. ಇಂದಿನ ಜಾಲತಾಣಗಳು ಕಟ್ಟಲ್ಪಡುವುದು ಹೀಗೆಯೇ. ಇಡೀ ಪುಟವನ್ನು ಯಾರೂ ಒಂದೇ ಸಲಕ್ಕೆ ಬರೆಯುವುದಿಲ್ಲ. ಚಿಕ್ಕ ಚಿಕ್ಕ ಬಿಡಿಭಾಗಗಳನ್ನು ಮಾಡಿಟ್ಟುಕೊಂಡು, ಬೇಕಾದ ಕಡೆ ಬೇಕಾದಷ್ಟು ಸಲ ಜೋಡಿಸುತ್ತಾರೆ. ಆ ಕಸುಬಿನವರು ಈ ಬಿಡಿಭಾಗವನ್ನು ‘ಕಾಂಪೊನೆಂಟ್’ ಎನ್ನುತ್ತಾರೆ.

ಕಲ್ಲಚ್ಚು ಮತ್ತು ಅಚ್ಚುಮೊಳೆ

ಈ ಉಪಾಯ ಕಂಪ್ಯೂಟರಿನವರು ಕಂಡುಹಿಡಿದದ್ದೇನೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಅದರ ಸಂಪಾದಕ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ಆ ಪತ್ರಿಕೆ ಮುದ್ರಣವಾದದ್ದು ಕಲ್ಲಚ್ಚಿನಲ್ಲಿ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ನೀರಿನಿಂದ ತೋಯಿಸುತ್ತಾರೆ. ಎಣ್ಣೆಗೂ ನೀರಿಗೂ ಸೇರುವುದಿಲ್ಲವಲ್ಲ! ಮುದ್ರಣದ ಶಾಯಿ ಸವರಿದಾಗ ಅದು ಜಿಡ್ಡಿನ ಅಕ್ಷರಗಳಿಗೆ ಮಾತ್ರ ಅಂಟಿ, ಒದ್ದೆ ಕಲ್ಲಿನಿಂದ ದೂರ ಉಳಿಯುತ್ತದೆ. ಕಾಗದ ಒತ್ತಿದರೆ ಪುಟ ಸಿದ್ಧ.

ಆದರೆ ಆ ಕಲ್ಲಿನ ಮೇಲಿನ ಪುಟ ಒಂದು ಇಡಿಯಾದ ಚಿತ್ರ. ಮುಂದಿನ ಪುಟಕ್ಕೆ ಅದರಿಂದ ಒಂದಕ್ಷರವೂ ಒದಗುವುದಿಲ್ಲ. ಕಲ್ಲನ್ನು ಉಜ್ಜಿ ನುಣ್ಣಗೆ ಮಾಡಿ ಮತ್ತೆ ಮೊದಲಿನಿಂದ ಬರೆಯಬೇಕು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಅಚ್ಚುಮೊಳೆಗಳಲ್ಲಿ ಮುದ್ರಣವಾಗತೊಡಗಿತು.

ಅಚ್ಚುಮೊಳೆಯ ಕಾರ್ಖಾನೆಯನ್ನು ಕಂಡವರು ತುಮಕೂರಿನಂಥ ಊರುಗಳಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ. ಗೂಡುಗೂಡಾದ ಮರದ ಕೇಸು, ಒಂದೊಂದು ಗೂಡಿನಲ್ಲಿ ಒಂದೊಂದು ಅಕ್ಷರ, ಎಡಗೈಯಲ್ಲಿ ಸ್ಟಿಕ್ಕು ಹಿಡಿದು ಬಲಗೈಯಿಂದ ಮೊಳೆ ಆರಿಸುವ ಕಂಪೋಸಿಟರ್. ಮೊಳೆ ಸೇರಿ ಸಾಲು, ಸಾಲು ಸೇರಿ ಅಂಕಣ, ಅಂಕಣ ಸೇರಿ ಪುಟ. ಮದುವೆಯ ಲಗ್ನಪತ್ರಿಕೆ ಅಚ್ಚಾದ ಮೇಲೆ ಅದೇ ಮೊಳೆಗಳು ಮತ್ತೆ ತಮ್ಮ ಗೂಡು ಸೇರಿ, ಮರುದಿನ ಸಹಕಾರ ಸಂಘದ ಸಭೆಯ ನೋಟೀಸಾಗುತ್ತಿದ್ದವು.

ಕಂಪ್ಯೂಟರಿನ ಬಿಡಿಭಾಗಕ್ಕೂ ಮೊಳೆಗೂ ಒಂದು ವ್ಯತ್ಯಾಸವಿದೆ. ಮೊಳೆ ಸವೆಯುತ್ತದೆ, ಕೇಸಿನಲ್ಲಿ ‘ರ’ ಮುಗಿದರೆ ಕೆಲಸ ನಿಲ್ಲುತ್ತದೆ. ಕಂಪ್ಯೂಟರಿನ ಬಿಡಿಭಾಗ ಸವೆಯುವುದಿಲ್ಲ, ಮುಗಿಯುವುದಿಲ್ಲ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮೂಲ ಚೂರನ್ನು ತಿದ್ದಿದರೆ, ಅದನ್ನು ಎಲ್ಲೆಲ್ಲಿ ಇಟ್ಟಿದ್ದಾರೋ ಅಲ್ಲೆಲ್ಲ ಅದು ತಾನಾಗಿ ತಿದ್ದಿಕೊಳ್ಳುತ್ತದೆ. ಈ ಗುಣದ ಬೆಲೆ ಏನೆಂಬುದು ತುಮಕೂರಿನ ಹೆಸರಿನಿಂದಲೇ ತಿಳಿಯುತ್ತದೆ.

ಹೆಸರು ಬದಲಾದ ದಿನ

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಮೈಸೋರ್ ಮೈಸೂರಾಯಿತು. ಅದೇ ಪಟ್ಟಿಯಲ್ಲಿ ‘ಟುಮ್‌ಕುರ್’ ಹೋಗಿ ‘ತುಮಕೂರು’ ಬಂತು. ಕನ್ನಡದಲ್ಲಿ ಅದು ಮೊದಲಿಂದಲೂ ತುಮಕೂರೇ. ಬದಲಾಗಬೇಕಾದದ್ದು ಇಂಗ್ಲಿಷ್ ಕಾಗುಣಿತ.

ಈಗ ಎರಡು ಜಾಲತಾಣಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ 200 ಪುಟಗಳಿವೆ. ಪ್ರತಿ ಪುಟದ ನೆತ್ತಿಯ ಮೇಲೂ ಪಾದದಲ್ಲೂ ಊರಿನ ಹೆಸರಿದೆ. ಮೊದಲನೆಯದರಲ್ಲಿ ಪ್ರತಿ ಪುಟವನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಅಲ್ಲಿ 400 ಕಡೆ ತಿದ್ದಬೇಕು. ತಿದ್ದುವವನಿಗೆ ಬೇಸರ ಬಂದು ಹತ್ತು ಕಡೆ ಬಿಟ್ಟುಹೋದರೆ ಹಳೆಯ ಹೆಸರೂ ಹೊಸ ಹೆಸರೂ ಒಂದೇ ತಾಣದಲ್ಲಿ ಕಾಣಿಸುತ್ತವೆ. ಎರಡನೆಯದರಲ್ಲಿ ‘ನೆತ್ತಿ’ ಎಂಬುದೊಂದು ಬಿಡಿಭಾಗ, ‘ಪಾದ’ ಎಂಬುದೊಂದು ಬಿಡಿಭಾಗ. ಅಲ್ಲಿ ತಿದ್ದಬೇಕಾದದ್ದು ಎರಡೇ ಕಡೆ. ಇನ್ನೂ ಜಾಣನಾದವನು ಊರಿನ ಹೆಸರನ್ನು ಒಂದೇ ಕಡೆ ಬರೆದಿಟ್ಟು ಎರಡೂ ಭಾಗಗಳು ಅಲ್ಲಿಂದಲೇ ಪಡೆಯುವಂತೆ ಮಾಡಿರುತ್ತಾನೆ. ಅವನಿಗೆ ಒಂದೇ ತಿದ್ದುಪಡಿ!

ಟಿಮ್ ಬರ್ನರ್ಸ್-ಲೀ ಜಾಲವನ್ನು ರೂಪಿಸಿ 1991ರಲ್ಲಿ ಹೊರಗಿನ ಜಗತ್ತಿಗೆ ಬಿಟ್ಟುಕೊಟ್ಟಾಗ ಪುಟಗಳು ಮೊದಲನೆಯ ಬಗೆಯವೇ ಆಗಿದ್ದವು. ಬರಹವೂ ಅಲಂಕಾರವೂ ಒಂದರೊಳಗೊಂದು ಹೆಣೆದುಕೊಂಡಿದ್ದವು. 1994ರಲ್ಲಿ ಹೋಕನ್ ವಿಯುಮ್ ಲೀ ಎಂಬ ನಾರ್ವೆಯ ತಂತ್ರಜ್ಞ ಇವೆರಡನ್ನೂ ಬಿಡಿಸಬೇಕೆಂದು ಸೂಚಿಸಿದರು. ‘ಇದು ಶೀರ್ಷಿಕೆ, ಇದು ಪ್ಯಾರಾ’ ಎಂದು ಹೇಳುವುದು ಎಚ್‌ಟಿಎಂಎಲ್‌ನ ಕೆಲಸ. ‘ಶೀರ್ಷಿಕೆಗಳೆಲ್ಲ ಇಷ್ಟು ದಪ್ಪ, ಈ ಬಣ್ಣ’ ಎಂದು ಒಂದೇ ಕಡೆ ಹೇಳುವುದು ಸಿಎಸ್‌ಎಸ್‌ನ ಕೆಲಸ. 1996ರ ಕೊನೆಗೆ ಅದು ಮಾನ್ಯ ನಿಯಮವಾಯಿತು.

ತಂತ್ರಾಂಶವನ್ನೂ ಬಿಡಿಭಾಗಗಳಿಂದ ಕಟ್ಟಬೇಕೆಂಬ ಮಾತು ಅದಕ್ಕೂ ಹಳೆಯದು. 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಡಗ್ಲಸ್ ಮೆಕಿಲ್‌ರಾಯ್ ಇದನ್ನು ಒತ್ತಿ ಹೇಳಿದ್ದರು. ಕಾರ್ಖಾನೆಯವರು ನಟ್ಟು ಬೋಲ್ಟುಗಳನ್ನು ಪಟ್ಟಿ ನೋಡಿ ತರಿಸಿಕೊಳ್ಳುವಂತೆ ತಂತ್ರಾಂಶ ಬರೆಯುವವರಿಗೂ ಸಿದ್ಧ ಭಾಗಗಳು ಸಿಗಬೇಕೆಂಬುದು ಅವರ ವಾದ. ಜಾಲಪುಟಗಳ ಮಟ್ಟಿಗೆ ಈ ಪದ್ಧತಿ ಮನೆಮಾತಾದದ್ದು 2013ರಲ್ಲಿ ‘ರಿಯಾಕ್ಟ್’ ಎಂಬ ಸಾಧನವನ್ನು ಫೇಸ್‌ಬುಕ್ ಕಂಪನಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಮೇಲೆ.

ಬಸ್ಸಿನ ಸಾಲು

ಒಂದು ಉದಾಹರಣೆಯನ್ನು ಹಿಡಿದು ನೋಡೋಣ. ತುಮಕೂರಿನಿಂದ ಹೊರಡುವ ಬಸ್ಸುಗಳ ವೇಳೆ ತಿಳಿಸುವ ಪುಟವೊಂದನ್ನು ಕಟ್ಟಬೇಕಾಗಿದೆ. ಮೊದಲು ಕಾಗದದ ಮೇಲೆ ಪುಟದ ಚಿತ್ರ ಬರೆದು, ಮತ್ತೆ ಮತ್ತೆ ಬರುವುದು ಯಾವುದು ಎಂದು ಹುಡುಕಬೇಕು. ಬಸ್ಸಿನ ವಿವರವಿರುವ ಸಾಲು ಹತ್ತಾರು ಸಲ ಬರುತ್ತದೆ. ಹಾಗಾದರೆ ಅದೇ ಮೊದಲ ಬಿಡಿಭಾಗ. ಅದಕ್ಕೆ ನಾಲ್ಕು ಖಾಲಿ ಜಾಗ: ಎಲ್ಲಿಂದ, ಎಲ್ಲಿಗೆ, ಹೊರಡುವ ವೇಳೆ, ಬಸ್ಸಿನ ಬಗೆ. ಒಮ್ಮೆ ಮಾಡಿಟ್ಟರೆ ಸಾಕು, ಆಮೇಲೆ ಬರೆಯುವುದು ಇಷ್ಟೇ:

ಬಸ್‌ಸಾಲು: ತುಮಕೂರು, ಗುಬ್ಬಿ, ವೇಳೆ, ಬಗೆ
ಬಸ್‌ಸಾಲು: ತುಮಕೂರು, ಕುಣಿಗಲ್, ವೇಳೆ, ಬಗೆ

ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ನೆನಪಿಸಿಕೊಂಡರೆ ಇದು ಇನ್ನೂ ಸುಲಭ. ಬೆಳಿಗ್ಗೆ ಗುಬ್ಬಿಗೆ ಹೋದ ಬಸ್ಸೇ ಮಧ್ಯಾಹ್ನ ಕುಣಿಗಲ್ಲಿಗೆ ಹೋಗಬಹುದು. ಬಸ್ಸನ್ನು ಹೊಸದಾಗಿ ಕಟ್ಟುವುದಿಲ್ಲ, ಬೋರ್ಡು ಬದಲಾಯಿಸುತ್ತಾರೆ.

ಸಾಲುಗಳೆಲ್ಲ ಸೇರಿ ‘ಬಸ್‌ಪಟ್ಟಿ’ ಎಂಬ ದೊಡ್ಡ ಭಾಗವಾಗುತ್ತದೆ. ಪಟ್ಟಿಯ ಮೇಲೆ ‘ಹುಡುಕು ಪೆಟ್ಟಿಗೆ’. ಅದರೊಳಗೆ ಊರಿನ ಹೆಸರು ಬರೆಯುವ ಜಾಗವೊಂದು, ಒತ್ತುವ ಗುಂಡಿಯೊಂದು. ಇವುಗಳಿಗೆ ನೆತ್ತಿ, ಪಾದ ಸೇರಿದರೆ ಪುಟ. ಅಕ್ಷರದಿಂದ ಪದ, ಪದದಿಂದ ವಾಕ್ಯ, ವಾಕ್ಯದಿಂದ ಪಾಠವಾದಂತೆ.

ಇಲ್ಲಿ ಎರಡು ನಿಯಮಗಳನ್ನು ಮರೆಯಬಾರದು. ಮೊದಲನೆಯದು, ಮಾಹಿತಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಸುದ್ದಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಯಾವ ಬಸ್ಸುಗಳನ್ನು ತೋರಿಸಬೇಕು ಎಂಬುದನ್ನು ಪುಟವು ಪಟ್ಟಿಗೆ ತಿಳಿಸುತ್ತದೆ, ಪಟ್ಟಿ ಸಾಲಿಗೆ ತಿಳಿಸುತ್ತದೆ. ಗುಂಡಿಯನ್ನು ಒತ್ತಿದರೆ ಅದು ತಾನೇ ಬಸ್ಸು ಹುಡುಕಲು ಓಡುವುದಿಲ್ಲ. ‘ನನ್ನನ್ನು ಒತ್ತಿದರು’ ಎಂದು ಮೇಲಿನವರಿಗೆ ವರದಿ ಮಾಡುತ್ತದೆ, ಅಷ್ಟೇ. ಹಾಗಿರುವುದರಿಂದಲೇ ಆ ಗುಂಡಿಯನ್ನು ನಾಳೆ ಗ್ರಂಥಾಲಯದ ಪುಟದಲ್ಲಿ ಪುಸ್ತಕ ಹುಡುಕುವುದಕ್ಕೂ ಇಡಬಹುದು.

ಎರಡನೆಯದು, ಬಿಡಿಭಾಗ ಒಳ್ಳೆಯ ಕಾಲವನ್ನು ಮಾತ್ರ ನಂಬಿ ಕೂರಬಾರದು. ಸಂಜೆ ಮೀರಿ ಕೊನೆಯ ಬಸ್ಸೂ ಹೋಗಿದ್ದರೆ ಪಟ್ಟಿಯಲ್ಲಿ ಏನು ಕಾಣಬೇಕು? ಏನೂ ಕಾಣದಿದ್ದರೆ ನೋಡುವವನು ಫೋನು ಕೆಟ್ಟಿತೆಂದು ತಿಳಿಯುತ್ತಾನೆ. ‘ಇನ್ನು ಇಂದು ಬಸ್ಸಿಲ್ಲ’ ಎಂಬ ಒಂದು ಸಾಲು ಕಂಡರೆ ನೆಂಟರ ಮನೆಯಲ್ಲಿ ಉಳಿಯುವುದೋ ಆಟೋ ಹಿಡಿಯುವುದೋ ಎಂದು ಯೋಚಿಸುತ್ತಾನೆ. ತುಂಬಿದ ಪಟ್ಟಿ, ಖಾಲಿ ಪಟ್ಟಿ, ಮಾಹಿತಿ ಇನ್ನೂ ಬರುತ್ತಿರುವ ಪಟ್ಟಿ, ಸಂಪರ್ಕ ಕಡಿದ ಪಟ್ಟಿ ಎಂಬ ನಾಲ್ಕು ಅವಸ್ಥೆಗಳನ್ನೂ ಬಿಡಿಭಾಗ ಮಾಡುವಾಗಲೇ ಯೋಚಿಸಿರಬೇಕು.

ಜಾಗ ಕೊಡುವವರು ಯಾರು?

ಮಾಡಿಟ್ಟ ಭಾಗವನ್ನು ಪುಟದಲ್ಲಿ ಎಲ್ಲಿ ಇಡುವುದು? ಎಡಕ್ಕೋ ಬಲಕ್ಕೋ, ಒಂದರ ಪಕ್ಕ ಒಂದೋ ಒಂದರ ಕೆಳಗೊಂದೋ? ಇದನ್ನು ಭಾಗವೇ ನಿರ್ಧರಿಸಿದರೆ ತೊಂದರೆ. ‘ನಾನು ಯಾವಾಗಲೂ ಗೋಡೆಯಿಂದ ಎರಡು ಗೇಣು ದೂರ ಇರುತ್ತೇನೆ’ ಎಂದು ಹಟ ಹಿಡಿಯುವ ಕುರ್ಚಿಯನ್ನು ಸಣ್ಣ ಕೋಣೆಯಲ್ಲಿ ಹೇಗೆ ಇಡುವುದು? ಆದ್ದರಿಂದ ತನ್ನ ಒಳಗಿನ ಅಚ್ಚುಕಟ್ಟು ಭಾಗದ ಹೊಣೆ, ಹೊರಗಿನ ಅಂತರ ಅದನ್ನು ಹೊತ್ತ ಚೌಕಟ್ಟಿನ ಹೊಣೆ. ಪುಟ ಕಟ್ಟುವವರು ಮೊದಲು ಕಲಿಯಬೇಕಾದ ಶಿಸ್ತು ಇದು.

ಚೌಕಟ್ಟಿಗೆ ಸಿಎಸ್‌ಎಸ್‌ನಲ್ಲಿ ಎರಡು ಒಳ್ಳೆಯ ಸಾಧನಗಳಿವೆ. ‘ಫ್ಲೆಕ್ಸ್’ ಎಂಬುದು ಭಾಗಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ, ಉಳಿದ ಜಾಗವನ್ನು ಅವುಗಳ ನಡುವೆ ಹಂಚುತ್ತದೆ. ಜಾಗ ಸಾಲದಿದ್ದರೆ ಮುಂದಿನ ಸಾಲಿಗೆ ಕಳಿಸುವಂತೆಯೂ ಹೇಳಬಹುದು. ‘ಗ್ರಿಡ್’ ಎಂಬುದು ಗ್ರಾಫ್ ಹಾಳೆಯಂತೆ ಅಡ್ಡ ಮತ್ತು ಉದ್ದ ಗೆರೆಗಳನ್ನು ಎಳೆದು ಮನೆಗಳನ್ನು ಮಾಡಿಕೊಡುತ್ತದೆ. 2017ರ ಹೊತ್ತಿಗೆ ಇದು ಮುಖ್ಯ ಬ್ರೌಸರುಗಳಲ್ಲೆಲ್ಲ ಬಂತು. ದೊಡ್ಡ ಪರದೆಯಲ್ಲಿ ಮೂರು ಅಂಕಣ, ಮೊಬೈಲಿನಲ್ಲಿ ಒಂದೇ ಅಂಕಣ ಎಂಬ ನಿಯಮವನ್ನು ಚೌಕಟ್ಟಿಗೆ ಹೇಳಿದರೆ ಸಾಕು. ಒಳಗಿನ ಬಸ್‌ಸಾಲಿನಲ್ಲಿ ಒಂದು ಚುಕ್ಕೆಯನ್ನೂ ಬದಲಾಯಿಸಬೇಕಾಗಿಲ್ಲ.

ಅಂಚುಗಳು ಹೊಂದಬೇಕೆಂಬ ಈ ಮಾತು ಕಬ್ಬಿಣಕ್ಕೂ ಅನ್ವಯಿಸುತ್ತದೆ. ಗುಬ್ಬಿ ತಾಲ್ಲೂಕಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ಬಿಡಿಭಾಗಗಳು ಬೇರೆ ಬೇರೆ ಕಡೆ, ಬೇರೆ ಬೇರೆ ಕೈಗಳಲ್ಲಿ ತಯಾರಾಗಿ ಒಂದೆಡೆ ಕೂಡಿಕೊಳ್ಳುತ್ತವೆ. ಜೋಡಿಸುವ ತೂತುಗಳ ಅಳತೆಯಲ್ಲಿ ಒಪ್ಪಂದವಿಲ್ಲದಿದ್ದರೆ ಅದು ಸಾಧ್ಯವೇ?

ಗುಬ್ಬಿ ಕಂಪನಿಯ ಪರದೆ

ಗುಬ್ಬಿಯ ಹೆಸರು ನಾಡಿಗೆಲ್ಲ ತಿಳಿದದ್ದು ಹೆಲಿಕಾಪ್ಟರಿಗಿಂತ ಬಹಳ ಮೊದಲೇ, ನಾಟಕದಿಂದ. ಅಲ್ಲಿನ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ ‘ಗುಬ್ಬಿ ಕಂಪನಿ’ಯನ್ನು ಮನೆಮಾತಾಗಿಸಿದರು. ತುಮಕೂರಿನ ಕಲಾಕ್ಷೇತ್ರಕ್ಕೆ ಇರುವುದು ಅವರದೇ ಹೆಸರು.

ವೃತ್ತಿ ನಾಟಕ ಕಂಪನಿಗಳು ಊರಿಂದೂರಿಗೆ ಹೋಗುತ್ತಿದ್ದವು. ಒಂದು ಕ್ಯಾಂಪಿನಲ್ಲಿ ಹಲವು ನಾಟಕ. ಪ್ರತಿ ನಾಟಕದ ಪ್ರತಿ ದೃಶ್ಯಕ್ಕೂ ಹೊಸ ಪರದೆ ಬರೆಸುತ್ತ ಹೋದರೆ ಕಂಪನಿ ಉಳಿಯುವುದುಂಟೆ? ದರ್ಬಾರಿನ ಪರದೆ, ಬೀದಿಯ ಪರದೆ, ಕಾಡಿನ ಪರದೆ, ಉದ್ಯಾನದ ಪರದೆ ಎಂದು ಕೆಲವನ್ನು ಬರೆಸಿ, ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಇಂದು ರಾಮ ನಡೆದ ಕಾಡಿನಲ್ಲಿ ನಾಳೆ ನಳ ನಡೆಯುತ್ತಿದ್ದ. ನೋಡುವವರಿಗೆ ಅದರಿಂದ ಏನೂ ಕೊರತೆಯಾಗುತ್ತಿರಲಿಲ್ಲ. ಬಿಡಿಭಾಗದ ಪದ್ಧತಿ ಎಂದರೆ ಇದೇ. ಪರದೆ ಹಿಂದೆ ಇಳಿಯಬೇಕೋ ಮುಂದೆ ಇಳಿಯಬೇಕೋ ಎಂಬುದು ರಂಗದ ಲೆಕ್ಕ. ಪರದೆಯ ಮೇಲಿನ ಚಿತ್ರ ಚಿತ್ರಕಾರನ ಲೆಕ್ಕ.

ಆದರೆ ಅದೇ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿತು. ಅಲ್ಲಿ ಹಳೆಯ ಪರದೆಯಿಂದ ಕೆಲಸ ಸಾಗಿಸಲಿಲ್ಲ. ಇದರಲ್ಲೂ ಪುಟ ಕಟ್ಟುವವರಿಗೆ ಪಾಠವಿದೆ. ಒಂದೇ ಒಂದು ಸಲ ಬರುವುದನ್ನು ಬಿಡಿಭಾಗ ಮಾಡಲು ಹೆಣಗಬಾರದು. ಎರಡು ವಸ್ತುಗಳು ನೋಡಲು ಒಂದೇ ರೀತಿ ಇದ್ದ ಮಾತ್ರಕ್ಕೆ ಅವನ್ನು ಒಂದೇ ಭಾಗ ಮಾಡಬಾರದು. ಬಸ್ಸಿನ ಸಾಲೂ ವಿದ್ಯಾರ್ಥಿಯ ಅಂಕದ ಸಾಲೂ ಇಂದು ಒಂದೇ ತೆರನಾಗಿ ಕಾಣಬಹುದು. ನಾಳೆ ಬಸ್ಸಿನ ಸಾಲಿಗೆ ‘ತಡವಾಗಿದೆ’ ಎಂಬ ಚೀಟಿ ಬೇಕಾದಾಗ ಅಂಕದ ಸಾಲಿಗೂ ಅದು ಅಂಟಿಕೊಂಡರೆ ಗತಿಯೇನು! ಮೂರನೆಯ ಸಲ ಬೇಕಾದಾಗ ಭಾಗ ಮಾಡಿದರೆ ಸಾಕು ಎಂಬುದು ಈ ಕಸುಬಿನ ಅನುಭವಸ್ಥರು ಹೇಳುವ ಮಾತು.

ಕನ್ನಡದ ಪರೀಕ್ಷೆ

ಇನ್ನು ಕನ್ನಡದ ಓದುಗರಿಗೆ ನೇರವಾಗಿ ತಟ್ಟುವ ವಿಷಯ. ಜಗತ್ತಿನ ಬಹುಪಾಲು ಸಿದ್ಧ ಬಿಡಿಭಾಗಗಳನ್ನು ಇಂಗ್ಲಿಷ್ ಅಕ್ಷರಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ್ದಾರೆ. ಅವನ್ನು ತಂದು ಕನ್ನಡ ತುಂಬಿದಾಗ ಏನಾಗುತ್ತದೆ?

‘ಸ್ತ್ರೀ’ ಎಂದು ಬರೆದು ನೋಡಿ. ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನೊಳಗೆ ಅದು ಆರು ಸಂಕೇತಗಳ ಸರಪಣಿ: ಸ, ಅರ್ಧಾಕ್ಷರದ ಚಿಹ್ನೆ, ತ, ಮತ್ತೆ ಅರ್ಧಾಕ್ಷರದ ಚಿಹ್ನೆ, ರ, ಕೊನೆಗೆ ದೀರ್ಘ ಈಕಾರದ ಚಿಹ್ನೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಮೀಸಲಾದ ಮನೆಗಳು 128 ಮಾತ್ರ. ಅವುಗಳಲ್ಲೂ ಕೆಲವು ಖಾಲಿ. ಅಷ್ಟರಿಂದಲೇ ಕಾಗುಣಿತ, ಒತ್ತಕ್ಷರಗಳೆಲ್ಲ ಸಿದ್ಧವಾಗುತ್ತವೆ. ಕನ್ನಡ ಲಿಪಿಯೇ ಬಿಡಿಭಾಗಗಳ ಜೋಡಣೆ ಎಂದಾಯಿತು!

ಆದರೆ ಇಂಗ್ಲಿಷ್ ಅಕ್ಷರಗಳಿಗೆ ಒತ್ತು ಇಲ್ಲ. ಅವಕ್ಕೆಂದು ಅಳೆದು ಮಾಡಿದ ಗುಂಡಿಯ ಎತ್ತರ ಬಿಗಿಯಾಗಿದ್ದರೆ ‘ಸ್ತ್ರೀ’ಯ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ‘ಅಕ್ಕ’ ‘ಅಕ’ವಾಗಿ, ‘ಹಳ್ಳಿ’ ‘ಹಳಿ’ಯಾಗಿ ಕಂಡರೆ ಓದುವವರ ಗತಿ? ಇಂಗ್ಲಿಷಿನಲ್ಲಿ ‘ಓಕೆ’ ಎಂಬ ಎರಡಕ್ಷರ ಸಾಕಾಗುವ ಕಡೆ ಕನ್ನಡಕ್ಕೆ ‘ಮುಂದುವರಿಯಿರಿ’ ಬೇಕಾಗಬಹುದು. ಗುಂಡಿಯ ಅಗಲವನ್ನು ಅಂಕಿಯಲ್ಲಿ ಕಟ್ಟಿಹಾಕಿದ್ದರೆ ಪದ ಹೊರಗೆ ಚಾಚುತ್ತದೆ, ಇಲ್ಲವೆ ನಡುವೆ ಮುರಿಯುತ್ತದೆ. ‘ಹೆಸರು 20 ಅಕ್ಷರ ಮೀರಬಾರದು’ ಎಂಬ ನಿಯಮ ಸಂಕೇತಗಳನ್ನು ಎಣಿಸುವಂತಿದ್ದರೆ ‘ಸ್ತ್ರೀ’ಯನ್ನು ಆರು ಎಂದು ಎಣಿಸಿ, ಕನ್ನಡದ ಹೆಸರನ್ನು ಅರ್ಧಕ್ಕೇ ನಿಲ್ಲಿಸುತ್ತದೆ.

ಹೆಸರಿನ ಪೆಟ್ಟಿಗೆಯಲ್ಲಿ ಇನ್ನೂ ಒಂದು ಮುಳ್ಳಿದೆ. ಅನೇಕ ಅರ್ಜಿಗಳಲ್ಲಿ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಜಾಗಗಳಿದ್ದು, ಎರಡನ್ನೂ ತುಂಬಲೇಬೇಕೆಂಬ ಕಟ್ಟಳೆ ಇರುತ್ತದೆ. ಈ ಸೀಮೆಯ ಎಷ್ಟೋ ಮಕ್ಕಳಿಗೆ ಇರುವುದು ಒಂದು ಹೆಸರು, ಅದರ ಜೊತೆಗೆ ಒಂದೋ ಎರಡೋ ಇನಿಷಿಯಲ್. ಅವರು ಕೊನೆಯ ಹೆಸರಿನ ಜಾಗದಲ್ಲಿ ಒಮ್ಮೆ ಇನಿಷಿಯಲ್ ಬರೆಯುತ್ತಾರೆ, ಇನ್ನೊಮ್ಮೆ ತಂದೆಯ ಹೆಸರು ಬರೆಯುತ್ತಾರೆ, ಮತ್ತೊಮ್ಮೆ ಬರೀ ಚುಕ್ಕೆ ಇಡುತ್ತಾರೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಎಂದಾದರೆ ವಿದ್ಯಾರ್ಥಿವೇತನದ ಅರ್ಜಿ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಆಮೇಲೆ ಪಾಲಕರು ಪ್ರಮಾಣಪತ್ರಕ್ಕಾಗಿ ಅಲೆಯಬೇಕು. ಎಲ್ಲೋ ಯಾರೋ ಮಾಡಿದ ಒಂದು ಪೆಟ್ಟಿಗೆಯ ದೋಷ ಕುಣಿಗಲ್ಲಿನ ಒಂದು ಕುಟುಂಬದ ಒಂದು ದಿನದ ಕೂಲಿಯನ್ನು ತಿನ್ನುವುದು ಹೀಗೆ.

ಪರಿಹಾರ ಕಷ್ಟದ್ದಲ್ಲ. ‘ಪೂರ್ತಿ ಹೆಸರು, ದಾಖಲೆಯಲ್ಲಿರುವಂತೆ’ ಎಂಬ ಒಂದೇ ಪೆಟ್ಟಿಗೆ ಸಾಕು. ಗುಂಡಿಯ ಎತ್ತರ ಅಗಲಗಳನ್ನು ಕಟ್ಟಿಹಾಕದೆ, ಬರಹ ಬೆಳೆದಂತೆ ಬೆಳೆಯಲು ಬಿಟ್ಟು, ಸುತ್ತ ಒಂದಿಷ್ಟು ಒಳಜಾಗ ಕೊಟ್ಟರೆ ಒತ್ತು ಉಳಿಯುತ್ತದೆ. ‘ಪಾಸು’ ಎಂಬುದನ್ನು ಹಸಿರು ಬಣ್ಣದಿಂದ, ‘ಫೇಲು’ ಎಂಬುದನ್ನು ಕೆಂಪಿನಿಂದ ಮಾತ್ರ ತೋರಿಸದೆ ಪಕ್ಕದಲ್ಲಿ ಪದವನ್ನೂ ಬರೆದರೆ ಬಣ್ಣಗುರುಡಿರುವವರಿಗೂ ತಿಳಿಯುತ್ತದೆ. ಚಿತ್ರ ಅಂಟಿಸಿ ಗುಂಡಿಯಂತೆ ನಟಿಸದೆ ನಿಜವಾದ ಗುಂಡಿಯನ್ನೇ ಇಟ್ಟರೆ, ಕಣ್ಣು ಕಾಣದವರಿಗೆ ಪುಟ ಓದಿಹೇಳುವ ತಂತ್ರಾಂಶ ಅದನ್ನು ಗುರುತಿಸುತ್ತದೆ. ಈ ಎಚ್ಚರವನ್ನು ಬಿಡಿಭಾಗದಲ್ಲಿ ಒಮ್ಮೆ ವಹಿಸಿದರೆ ಅದು ಹೋದ ಕಡೆಯೆಲ್ಲ ಈ ಒಳಿತೂ ಹೋಗುತ್ತದೆ.

ಹನ್ನೊಂದು ಸಾಲಿನ ಪಾಠ

ಒಳಿತು ಹರಡುವ ದಾರಿಯಲ್ಲೇ ಕೆಡುಕೂ ಹರಡುತ್ತದೆ. 2016ರ ಮಾರ್ಚ್‌ನಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನ ಒದಗಿತು. ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ಪುಟ್ಟ ತಂತ್ರಾಂಶ. 7 ಎಂಬ ಕ್ರಮಸಂಖ್ಯೆಯನ್ನು 007 ಎಂದು ಬರೆಯುವಂತೆ, ಎಡಕ್ಕೆ ಬೇಕಾದಷ್ಟು ಸೊನ್ನೆಯನ್ನೋ ಖಾಲಿ ಜಾಗವನ್ನೋ ಸೇರಿಸುವುದು ಅದರ ಕೆಲಸ. ಎಂಟನೆಯ ತರಗತಿಯ ಹುಡುಗನೂ ಬರೆಯಬಹುದಾದಷ್ಟು ಸರಳ. ಅದರ ಕರ್ತೃ ಬೇರೊಂದು ಜಗಳದಿಂದ ಬೇಸತ್ತು ತನ್ನ ತಂತ್ರಾಂಶಗಳನ್ನೆಲ್ಲ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡ. ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ನಂಬಿದ್ದ ಸಾವಿರಾರು ತಂತ್ರಾಂಶಗಳ ಜೋಡಣೆ ಜಗತ್ತಿನಾದ್ಯಂತ ನಿಂತುಹೋಯಿತು. ಕೆಲವೇ ಗಂಟೆಗಳಲ್ಲಿ ಭಂಡಾರದವರು ಆ ಚೂರನ್ನು ಮರಳಿ ಇಟ್ಟರು.

ಬೇರೆಯವರ ಬಿಡಿಭಾಗ ತರುವುದು ತಪ್ಪಲ್ಲ. ಅದರೊಳಗೆ ಏನಿದೆ, ಯಾರು ನೋಡಿಕೊಳ್ಳುತ್ತಿದ್ದಾರೆ, ಅದಿಲ್ಲದಿದ್ದರೆ ಏನು ದಾರಿ ಎಂಬುದನ್ನು ಕೇಳಿಕೊಂಡು ತರಬೇಕು. ಕಡ ತಂದ ಎತ್ತಿನ ಹಲ್ಲನ್ನೂ ನೋಡಬೇಕು.

ಮಾಡಿ ನೋಡಿ

ಇದಕ್ಕೆ ಕಂಪ್ಯೂಟರು ಬೇಕಾಗಿಲ್ಲ. ಹಳೆಯ ಕ್ಯಾಲೆಂಡರಿನ ಒಂದು ದೊಡ್ಡ ಹಾಳೆ, ಒಂದು ಪೋಸ್ಟ್‌ಕಾರ್ಡು, ಒಂದಿಷ್ಟು ದಪ್ಪ ಕಾಗದ, ಕತ್ತರಿ ಸಾಕು.

1. ಶಾಲೆಯ ವೇಳಾಪಟ್ಟಿಯನ್ನು ನೋಡಿ, ಮತ್ತೆ ಮತ್ತೆ ಬರುವ ಚೂರು ಯಾವುದೆಂದು ಗುರುತಿಸಿ. ಅದು ‘ಒಂದು ಪೀರಿಯಡ್’. ವಿಷಯ, ಶಿಕ್ಷಕರು, ವೇಳೆ ಎಂಬ ಮೂರು ಖಾಲಿ ಜಾಗಗಳಿರುವ ಚೀಟಿಗಳನ್ನು ಒಂದೇ ಅಳತೆಗೆ ಕತ್ತರಿಸಿ.

2. ಚೀಟಿಯಲ್ಲಿ ಅತಿ ಉದ್ದದ ಹೆಸರನ್ನು ಮೊದಲು ಬರೆಯಿರಿ. ‘ರಾಜ್ಯಶಾಸ್ತ್ರ’, ‘ದೈಹಿಕ ಶಿಕ್ಷಣ’ ಹಿಡಿಸುತ್ತವೆಯೇ? ಒತ್ತುಗಳು ಕೆಳಗಿನ ಗೆರೆಗೆ ತಾಗುತ್ತವೆಯೇ? ತಾಗಿದರೆ ಚೀಟಿಯ ಅಳತೆ ತಪ್ಪು, ಕನ್ನಡದ್ದಲ್ಲ.

3. ಚೀಟಿಗಳನ್ನು ಕ್ಯಾಲೆಂಡರಿನ ಹಾಳೆಯ ಮೇಲೆ ಆರು ದಿನಗಳಿಗೆ ಆರು ಅಂಕಣವಾಗಿ ಜೋಡಿಸಿ. ಇದು ದೊಡ್ಡ ಪರದೆ. ಆಮೇಲೆ ಅವೇ ಚೀಟಿಗಳನ್ನು ಪೋಸ್ಟ್‌ಕಾರ್ಡಿನಷ್ಟು ಜಾಗದಲ್ಲಿ ತೋರಿಸುವ ಉಪಾಯ ಹುಡುಕಿ. ಇದು ಮೊಬೈಲು. ಒಂದು ಸಲಕ್ಕೆ ಒಂದೇ ದಿನ ತೋರಿಸಬಹುದೇ? ಚೀಟಿಯನ್ನು ಮಾತ್ರ ಕತ್ತರಿಸಬಾರದು.

4. ಶಿಕ್ಷಕರು ರಜೆಯಲ್ಲಿದ್ದರೆ ಚೀಟಿಯಲ್ಲಿ ಏನು ಕಾಣಬೇಕು? ಅದನ್ನೂ ಬರೆದಿಡಿ.

5. ಚೀಟಿಗಳನ್ನು ಗೆಳೆಯನಿಗೆ ಕೊಟ್ಟು, ಏನೂ ಹೇಳದೆ ಜೋಡಿಸಲು ಬಿಡಿ. ಅವನು ತಡವರಿಸಿದ ಕಡೆ ನಿಮ್ಮ ಬಿಡಿಭಾಗದಲ್ಲಿ ಏನೋ ಅಸ್ಪಷ್ಟವಾಗಿದೆ ಎಂದರ್ಥ.

ಕಂಪ್ಯೂಟರು ಸಿಕ್ಕವರು ಕನ್ನಡ ವಿಕಿಪೀಡಿಯದಲ್ಲಿ ಯಾವುದಾದರೂ ಊರಿನ ಪುಟ ತೆರೆಯಲಿ. 2003ರಿಂದ ನಡೆದುಬಂದಿರುವ ಈ ವಿಶ್ವಕೋಶದಲ್ಲಿ ಊರುಗಳ ಪುಟದ ಬದಿಗೆ ಸಾಮಾನ್ಯವಾಗಿ ಜಿಲ್ಲೆ, ಜನಸಂಖ್ಯೆ ಮೊದಲಾದ ವಿವರಗಳ ಚೌಕವೊಂದಿರುತ್ತದೆ. ‘ಸಂಪಾದಿಸಿ’ ಎಂಬುದನ್ನು ಒತ್ತಿ ಒಳಗಿನ ಬರಹ ನೋಡಿದರೆ ಜೋಡಿ ಪುಷ್ಪಾವರಣಗಳ ನಡುವೆ ಒಂದು ಹೆಸರು, ಅದರ ಕೆಳಗೆ ತುಂಬಿದ ಜಾಗಗಳು ಕಾಣುತ್ತವೆ. ಅದನ್ನು ಅಲ್ಲಿ ‘ಟೆಂಪ್ಲೇಟು’ ಎನ್ನುತ್ತಾರೆ. ಒಂದು ಟೆಂಪ್ಲೇಟು ತಿದ್ದಿದರೆ ಅದನ್ನು ಬಳಸಿದ ಪುಟಗಳೆಲ್ಲ ಬದಲಾಗುತ್ತವೆ. ಆದ್ದರಿಂದಲೇ ಬಹಳ ಬಳಕೆಯ ಟೆಂಪ್ಲೇಟುಗಳನ್ನು ಎಲ್ಲರೂ ತಿದ್ದದಂತೆ ಕಾಯುವ ವ್ಯವಸ್ಥೆಯೂ ಇದೆ. ನೋಡಿ ತಿಳಿಯಿರಿ, ತಿಳಿಯದೆ ಉಳಿಸಬೇಡಿ.

ಪಾಲಕರಿಗೆ

‘ನಮ್ಮ ಮಗು ವೆಬ್ ಪುಟ ಮಾಡುವುದು ಕಲಿಯಬೇಕಂತೆ, ಬೆಂಗಳೂರಿಗೆ ಕಳಿಸಬೇಕೇ? ಸಾವಿರಾರು ರೂಪಾಯಿ ಕಟ್ಟಬೇಕೇ?’ ಎಂಬ ಚಿಂತೆ ಅನೇಕ ಮನೆಗಳಲ್ಲಿದೆ. ಮೊದಲ ಹೆಜ್ಜೆಗೆ ಇವು ಯಾವುವೂ ಬೇಡ. ಯಾವುದೇ ಕಂಪ್ಯೂಟರಿನಲ್ಲಿ ಬರಹ ಬರೆಯುವ ಸರಳ ತಂತ್ರಾಂಶವೊಂದು, ಬ್ರೌಸರೊಂದು ಇದ್ದೇ ಇರುತ್ತವೆ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಕಲಿಯಲು ಅಷ್ಟು ಸಾಕು. ಶಾಲೆಯಲ್ಲಿ ಕಂಪ್ಯೂಟರು ಇದ್ದರೆ ವಾರಕ್ಕೆ ಎರಡು ಗಂಟೆ ಕೊಡಿಸಲು ಮುಖ್ಯೋಪಾಧ್ಯಾಯರನ್ನು ಕೇಳಬಹುದು. ರಿಯಾಕ್ಟ್ ಮೊದಲಾದ ದೊಡ್ಡ ಸಾಧನಗಳ ಹೆಸರು ಹೇಳಿ ಮೂರೇ ತಿಂಗಳಲ್ಲಿ ಉದ್ಯೋಗವೆಂದು ಆಸೆ ಹುಟ್ಟಿಸುವ ಜಾಹೀರಾತು ಕಂಡರೆ ಸ್ವಲ್ಪ ತಡೆಯಿರಿ. ಸಾಧನಗಳು ಬರುತ್ತವೆ, ಹೋಗುತ್ತವೆ. ದೊಡ್ಡ ಕೆಲಸವನ್ನು ಚಿಕ್ಕ ಭಾಗಗಳಾಗಿ ಬಿಡಿಸುವುದು, ಒಂದೊಂದಕ್ಕೂ ಸರಿಯಾದ ಹೆಸರು ಕೊಡುವುದು, ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸುವುದು ಎಂಬ ಅಭ್ಯಾಸ ಮಾತ್ರ ಉಳಿಯುತ್ತದೆ. ಅದು ಲೆಕ್ಕಕ್ಕೂ ಬೇಕು, ಪ್ರಬಂಧಕ್ಕೂ ಬೇಕು, ಪ್ರಯೋಗಶಾಲೆಗೂ ಬೇಕು.

ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಈ ಕೆಲಸದಲ್ಲಿ ಒಂದು ವಿಶೇಷ ಅನುಕೂಲವೂ ಉಂಟು. ಒತ್ತು ಕತ್ತರಿಸಿಹೋದದ್ದು ಇಂಗ್ಲಿಷ್ ಮಾತ್ರ ಬಲ್ಲವನ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಓದುವ ಮಗುವಿನ ಕಣ್ಣಿಗೆ ಮೊದಲ ನೋಟದಲ್ಲೇ ಬೀಳುತ್ತದೆ. ಇನಿಷಿಯಲ್ ಇರುವ ಹೆಸರಿನ ಕಷ್ಟ ಏನೆಂದು ಆ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಕುಳಿತು ಅಂಥ ಮಗು ಸರಿಯಾಗಿ ಮಾಡಿದ ಒಂದು ಹೆಸರಿನ ಪೆಟ್ಟಿಗೆ, ಒಂದು ಗುಂಡಿ, ನಾಳೆ ನೂರು ಪುಟಗಳಲ್ಲಿ ಕೂರಬಹುದು. ಆ ನೂರು ಪುಟಗಳ ಮುಂದೆ ಕೂರುವವರಿಗೆ ಅದನ್ನು ಮಾಡಿದವರ ಹೆಸರು ತಿಳಿಯುವುದಿಲ್ಲ. ತಮ್ಮ ಹೆಸರು ಮಾತ್ರ ಪೂರ್ತಿಯಾಗಿ, ಒತ್ತು ದೀರ್ಘಗಳೊಂದಿಗೆ, ಸರಿಯಾಗಿ ಕಾಣುತ್ತದೆ.

ಈ ವಾರದ ಪ್ರಶ್ನೆ: ಒಂದು ತಾಣದಲ್ಲಿ 60 ಪುಟಗಳಿವೆ. ಪ್ರತಿ ಪುಟದಲ್ಲೂ ಒಂದೇ ಬಗೆಯ 5 ಗುಂಡಿಗಳಿವೆ. ಎಲ್ಲ ಗುಂಡಿಗಳಲ್ಲೂ ಒತ್ತು ಕತ್ತರಿಸಿಹೋಗುತ್ತಿದೆ. ಪುಟಗಳನ್ನು ಬೇರೆ ಬೇರೆಯಾಗಿ ಬರೆದಿದ್ದರೆ ಎಷ್ಟು ಕಡೆ ತಿದ್ದಬೇಕು? ಗುಂಡಿ ಒಂದು ಬಿಡಿಭಾಗವಾಗಿದ್ದರೆ ಎಷ್ಟು ಕಡೆ? ತಿದ್ದಿದ ಮೇಲೆ ಸರಿಯಾಗಿದೆಯೇ ಎಂದು ನೋಡಲು ಯಾವ ಕನ್ನಡ ಪದವನ್ನು ಆ ಗುಂಡಿಯ ಮೇಲೆ ಬರೆದು ಪರೀಕ್ಷಿಸುವಿರಿ, ಮತ್ತು ಆ ಪದವೇ ಏಕೆ? ಮೊದಲೆರಡು ಪ್ರಶ್ನೆಗಳಿಗೆ ಗುಣಾಕಾರ ಸಾಕು. ಮೂರನೆಯದಕ್ಕೆ ಮನೆಯವರೆಲ್ಲ ಸೇರಿ ಯೋಚಿಸಿದರೂ ನಡೆದೀತು.